ಸೀಮೆಎಣ್ಣೆ ಮುಗಿದ ಶುಕ್ರವಾರ

ಕೆಂಪಾಪುರ
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಮಗಳು ಮಧುಗೆ,

ಹೇಗಿದ್ದೀಯಮ್ಮ? ಹೊಸೂರಿನ ನೀರಿಗೆ ನಿನ್ನ ಕೂದಲು ಬಾಚಣಿಗೆ ತುಂಬ ಬರುತ್ತಿದೆ ಎಂದು, ರಜೆಗೆ ಊರಿಗೆ ಬಂದಿರುವ ನಿನ್ನ ಗೆಳತಿ ಜೋಯಾ ಹೇಳಿದಳು. ಗಡಸು ನೀರು ತಲೆಗೆ ಹಾಕಿಕೊಂಡರೆ ಹಾಗೇ ಆಗುವುದು. ಕೊನೆಯ ಎರಡು ಚೊಂಬಾದರೂ ಕುಡಿಯುವ ನೀರು ಸುರಿದುಕೋ, ಹಾಸ್ಟೆಲಿನವರು ಗೊಣಗಿದರೆ ಗೊಣಗಲಿ. ರಾತ್ರಿ ಪಾಳಿಯ ವಾರ ನೀನು ಬೆಳಿಗ್ಗೆ ಬಂದು ಏನೂ ತಿನ್ನದೆ ಮಲಗಿಬಿಡುತ್ತೀಯಂತೆ. ಅದು ಒಳ್ಳೆಯದಲ್ಲ. ಜೋಯಾ ಕೈಯಲ್ಲಿ ಹುರಿಹಿಟ್ಟು, ಹುಚ್ಚೆಳ್ಳಿನ ಚಟ್ನಿಪುಡಿ, ಒಂದು ಬಾಟಲಿ ಕೊಬ್ಬರಿ ಎಣ್ಣೆ ಕಳಿಸುತ್ತಿದ್ದೇನೆ. ಹುರಿಹಿಟ್ಟಿಗೆ ಹಾಲು ಬೆಲ್ಲ ಕಲಸಿ ನಾಲ್ಕು ತುತ್ತು ತಿಂದು ಮಲಗು. ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಕೂತರೆ ಏಳಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ನಿನ್ನಾಣೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು ‘ಹ್ಞೂಂ’, ‘ಸರಿ’, ‘ಇಡ್ತೀನಿ’ ಎನ್ನುವುದು ಬಿಟ್ಟು ಬೇರೆ ಮಾತು ಆಡುವುದಿಲ್ಲ. ದೂರುತ್ತಿಲ್ಲ ಮಗಳೇ. ನಾನೂ ‘ಊಟ ಆಯ್ತಾ’ ಎಂದು ಕೇಳಿ, ಮುಂದಿನ ಮಾತಿಗೆ ಹೆದರಿ ಮಳೆ ಬಿಸಿಲಿನ ಸುದ್ದಿ ಎತ್ತುತ್ತೇನೆ. ನಿನ್ನ ಎಸ್ಸೆಸ್ಸೆಲ್ಸಿಯ ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಖಾಲಿ ಹಾಳೆಗಳಿದ್ದವು. ನಿಮ್ಮಪ್ಪ ಹೋದ ಮೇಲೆ ಅದರಲ್ಲಿ ದಿನಾ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಏನು ಅಡುಗೆ ಮಾಡಿದೆ, ಯಾರು ಬಂದರು, ಎಷ್ಟು ಹೊತ್ತಿಗೆ ಎದ್ದೆ, ಅಷ್ಟೇ. ಬರೆಯುವಾಗ ಸುಳ್ಳು ಹೇಳಲು ಕೈ ಬರುವುದಿಲ್ಲ ಎಂಬುದು ಅದರಿಂದಲೇ ಗೊತ್ತಾಯಿತು. ಅದರದೇ ಹಾಳೆ ಹರಿದು ಇದನ್ನು ಬರೆಯುತ್ತಿದ್ದೇನೆ. ಜೋಯಾ ನಾಲ್ಕು ಗಂಟೆಗೆ ಹೊರಡುತ್ತಾಳಂತೆ, ಅಷ್ಟರೊಳಗೆ ಮುಗಿಸಬೇಕು.

ತಿಥಿಯ ಲೆಕ್ಕದಲ್ಲಿ ಬರುವ ಮಾರ್ಚ್ ಒಂದನೇ ತಾರೀಕು ಭಾನುವಾರ ನಿಮ್ಮಪ್ಪನಿಗೆ ವರ್ಷ ತುಂಬುತ್ತದೆ. ನೀನು ಮನೆ ಬಿಟ್ಟು ಹತ್ತು ತಿಂಗಳಾಯಿತು. ಯಾಕೆ ಬಿಟ್ಟೆ ಎಂಬುದು ನಮ್ಮಿಬ್ಬರಿಗೂ ಗೊತ್ತಿದೆ. ಆದರೂ ಬರೆಯುತ್ತೇನೆ, ಅದನ್ನು ಬರೆಯದೆ ಉಳಿದದ್ದು ಬರೆದು ಪ್ರಯೋಜನವಿಲ್ಲ. ನೀನು ಕೊಟ್ಟ ಪೆಟ್ರೋಲಿನಿಂದ ನಿಮ್ಮಪ್ಪ ಸುಟ್ಟುಹೋದರು ಎಂದು ಊರೂ ನೆಂಟರೂ ಅಂದರು. ನಾನು ಹಾಗೆ ಅನ್ನಲಿಲ್ಲ. ಆದರೆ ಅಂದವರ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಹೆತ್ತವಳು ಸುಮ್ಮನಿದ್ದರೆ ಹೌದು ಎಂದ ಹಾಗೇ. ಆ ಮಾತನ್ನು ಹೊತ್ತುಕೊಂಡು ನೀನು ಹೋದೆ. ಅದನ್ನು ಇಳಿಸಬೇಕು ಎಂದೇ ಈ ಕಾಗದ.

ಮೊದಲು ಮನೆಯ ಸುದ್ದಿ. ನಿಮ್ಮಪ್ಪನ ಯೆಜ್ಡಿ ಬೈಕು ಇನ್ನೂ ಅಂಗಳದಲ್ಲೇ ಇದೆ. ಸೀಟು ಸುಟ್ಟು ಬರೀ ತಗಡು ಉಳಿದಿದೆ. ಅವರು ಬಿಚ್ಚಿ ತೊಳೆಯುತ್ತಿದ್ದ ಸಾಮಾನೆಲ್ಲ ಅದೇ ಕಬ್ಬಿಣದ ಬಾಂಡ್ಲಿಯಲ್ಲಿ, ಅದರ ಮೇಲೆ ಗೋಣಿಚೀಲ ಹೊದಿಸಿ, ಕಾಂಪೌಂಡ್ ಮೂಲೆಗೆ ತಳ್ಳಿದ್ದೆ. ಹತ್ತು ತಿಂಗಳು ಆ ಕಡೆ ಮುಖ ಮಾಡಲಿಲ್ಲ. ಗುಡಿಸುವಾಗಲೂ ಆ ಮೂಲೆ ಬಿಟ್ಟು ಗುಡಿಸುತ್ತಿದ್ದೆ. ಸಂಕ್ರಾಂತಿ ಮುಗಿದ ಮೇಲೆ ನಿನ್ನ ಕೃಷ್ಣಮ್ಮತ್ತೆ ಚಿಕ್ಕಬಾಣಾವರದಿಂದ ಬಂದರು. ವರ್ಷದ ಕಾರ್ಯಕ್ಕೆ ಅಂಗಳದಲ್ಲಿ ಶಾಮಿಯಾನ ಹಾಕಿಸಬೇಕು, ಜನ ಕೂರಬೇಕು, ‘ಈ ಸುಟ್ಟ ಗಾಡೀನ ಇನ್ನೂ ಯಾಕೆ ಮಡಿಕ್ಕೊಂಡಿದ್ದೀಯೇ, ಬಂದೋರು ಮೊದ್ಲು ಇದನ್ನೇ ನೋಡ್ತಾರೆ, ಗುಜರಿಗಾಕು’ ಎಂದರು. ಹೇಳಿ ಸುಮ್ಮನಾಗಲಿಲ್ಲ, ಮಾರನೇ ದಿನ ಅವರೇ ಗುಜರಿಯವನನ್ನು ಕರೆಸಿದರು. ಅವನು ಗೋಣಿ ಎತ್ತಿ, ಬಾಂಡ್ಲಿಯನ್ನು ಕಾಲಿನಿಂದ ಸರಿಸಿ, ‘ಇದ್ರಲ್ಲೇನೈತಮ್ಮಾ, ಬರೀ ಮಸಿ’ ಎಂದ. ಕಾಲಿನಿಂದ ಸರಿಸಿದ್ದು ನನಗೆ ತಡೆಯಲಾಗಲಿಲ್ಲ. ನಿಮ್ಮಪ್ಪ ಒಂದು ನಟ್ಟು ತುಳಿದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದ ಮನುಷ್ಯ. ‘ಇದು ಮಾರೋಕಿಲ್ಲ, ಹೋಗಪ್ಪ’ ಎಂದುಬಿಟ್ಟೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅತ್ತಿಗೆಯ ಎದುರು ನಾನು ಆಡಿದ ಮೊದಲ ಎದುರು ಮಾತು ಅದು. ಗಾಡಿಯ ಸಾಮಾನಿಗೆ ಬಾಯಿ ಬಂತು. ಮಗಳಿಗೆ ಬರಲಿಲ್ಲ. ಗುಜರಿಯವನು ಗೇಟು ದಾಟುವ ಮೊದಲೇ ನನಗೆ ಇದು ಹೊಳೆಯಿತು, ಅಂದು ಊಟ ಸೇರಲಿಲ್ಲ.

ಮಾರುವುದಿಲ್ಲ ಎಂದ ಮೇಲೆ ತೊಳೆಯಲೇಬೇಕಲ್ಲ. ಮಾರನೇ ಸೋಮವಾರ ಬೆಳಿಗ್ಗೆ ಮಣೆ ಹಾಕಿಕೊಂಡು ಕೂತೆ. ನೀನು ನೋಡಿದ್ದರೆ ನಗುತ್ತಿದ್ದೆ. ಗ್ರೀಸು ಬೆಂದು, ಸಾರು ಸೀದು ತಳ ಹಿಡಿದ ಹಾಗೆ ಗಟ್ಟಿ ಕೂತಿತ್ತು. ಸೀದ ಪಾತ್ರೆ ತೊಳೆಯುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡು ಬಿಸಿನೀರು, ಸೋಪಿನ ಪುಡಿ, ಒಂದು ಹಿಡಿ ವಾಷಿಂಗ್ ಸೋಡಾ ಹಾಕಿ ಎಲ್ಲವನ್ನೂ ಒಟ್ಟಿಗೇ ನೆನೆಹಾಕಿದೆ. ಮಧ್ಯಾಹ್ನಕ್ಕೆ ಗ್ರೀಸೇನೋ ಕೆನೆಯ ಹಾಗೆ ಮೇಲೆ ಬಂತು. ಆದರೆ ಬೆಳ್ಳಗಿದ್ದ ಕಾರ್ಬ್ಯುರೇಟರು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಚೈನು ಮಾತ್ರ ಫಳಫಳ ಅಂದಿತು. ಅದನ್ನು ತೊಳೆದ ಲೋಟದ ಹಾಗೆ ನೀರು ಸೋರಲು ಬಿಟ್ಟು ಬಂದೆ. ಬೆಳಿಗ್ಗೆ ಎದ್ದು ನೋಡಿದರೆ ಅರಿಶಿನ ಕುಂಕುಮ ಎರಚಿದ ಹಾಗೆ ತುಕ್ಕು. ಕೂತು ಅತ್ತುಬಿಟ್ಟೆ. ಇವರ ಒಂದು ವಸ್ತುವನ್ನೂ ನಾನು ನೆಟ್ಟಗೆ ಇಟ್ಟುಕೊಳ್ಳಲಾರೆನಲ್ಲ ಎಂದು.

ಆಮೇಲೆ ಜೋಯಾಳ ಅಪ್ಪನ ಮೆಕ್ಯಾನಿಕ್ ಅಂಗಡಿಗೆ ಹೋದೆ. ಬ್ಯಾಟರಾಯನಪುರದ ರಸ್ತೆಯಲ್ಲಿ ಖಾದರ್ ಬಾಷಾ ಅವರ ಅಂಗಡಿ ಈಗಲೂ ಹಾಗೇ ಇದೆ, ಮುಂದೆ ಐದು ಗಾಡಿ, ಒಳಗೆ ಕಾಲಿಡಲು ಜಾಗವಿಲ್ಲ. ಚೀಲದಿಂದ ಕಾರ್ಬ್ಯುರೇಟರ್ ತೆಗೆದು ಕೊಟ್ಟೆ. ತಿರುಗಿಸಿ ನೋಡಿ, ‘ಅಕ್ಕಾ, ಇದು ಅಲ್ಯೂಮಿನಿಯಮ್ಮು. ಇದ್ಕೆ ಸೋಡಾ ಹಾಕಿದ್ರೆ ಮುಖ ಕಪ್ಪು ಮಾಡ್ಕಂಡು ಕೂತ್ಕತದೆ. ನೀವು ಇಡ್ಲಿ ತಟ್ಟೆ ತೊಳ್ದಂಗೆ ತೊಳ್ದಿದೀರ!’ ಎಂದು ನಕ್ಕರು. ನಕ್ಕ ಮೇಲೆ ನಗಬಾರದಿತ್ತು ಎಂದು ಅವರಿಗೇ ಅನ್ನಿಸಿ, ತಲೆ ತಗ್ಗಿಸಿ ಸ್ಪ್ಯಾನರ್ ಹುಡುಕುವ ಹಾಗೆ ಮಾಡಿದರು. ನಾನೂ ನಕ್ಕೆ ಎಂದು ನಿನಗೆ ಹೇಳಬೇಕು. ವರ್ಷದಲ್ಲಿ ಅದೇ ಮೊದಲು. ಅವರೇ ಎಲ್ಲ ಹೇಳಿಕೊಟ್ಟರು. ಅಲ್ಯೂಮಿನಿಯಮ್ಮಿಗೆ ಪಾತ್ರೆ ತೊಳೆಯುವ ದ್ರಾವಣ, ಉಗುರುಬೆಚ್ಚನೆ ನೀರು, ಮೆತ್ತನೆ ಬ್ರಷ್. ಕಬ್ಬಿಣಕ್ಕೆ ಸೋಡಾ ಆಗಬಹುದು. ತೊಳೆದ ತಕ್ಷಣ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದು, ಬೆಚ್ಚಗಿರುವಾಗಲೇ ಎಣ್ಣೆ ಕೈ ಆಡಿಸಬೇಕು. ‘ಗ್ರೀಸ್ ತೆಗ್ದ್ರೆ ಸಾಲ್ದಕ್ಕಾ, ತಿರ್ಗಾ ಹಚ್ಬೇಕು. ಒಣ ಕಬ್ಣ ಒಂದ್ ರಾತ್ರಿ ತಡ್ಯಲ್ಲ.’ ಆಮೇಲೆ ದನಿ ತಗ್ಗಿಸಿ, ‘ನಾವು ಡೀಸೆಲ್ಲಲ್ಲಿ ತೊಳೀತೀವಿ, ನಿಮ್ಮನೆಗೆ ಅದೂ ಬ್ಯಾಡ’ ಎಂದರು. ಆ ದಿನ ತಮ್ಮ ಅಂಗಡಿಯ ಕಂಬಳಿ ಹಿಡಿದು ಓಡಿಬಂದವರು ಅವರೇ ತಾನೆ. ಅವರ ಎಡ ಮುಂಗೈಯಲ್ಲಿ ಕಲೆ ಇನ್ನೂ ಇದೆ. ನಾನು ಅದನ್ನು ನೋಡುತ್ತಿರುವುದು ಕಂಡು ತೋಳು ಕೆಳಗಿಳಿಸಿಕೊಂಡರು.

ಈಗ ಮೂರು ವಾರದಿಂದ ದಿನಾ ಬೆಳಿಗ್ಗೆ ಒಂದೊಂದೇ ಸಾಮಾನು ತೊಳೆಯುತ್ತಿದ್ದೇನೆ. ಹಳೇ ಕ್ಯಾಲೆಂಡರ್ ಹಾಳೆಯ ಮೇಲೆ ಸಾಲಾಗಿ ಇಡುತ್ತೇನೆ, ನಿಮ್ಮಪ್ಪ ಇಡುತ್ತಿದ್ದ ಹಾಗೆ. ಯಾವುದರ ಪಕ್ಕ ಯಾವುದು ಎಂದು ನನಗೆ ತಿಳಿಯದು. ಕ್ಲಚ್ಚಿನ ಬಿಲ್ಲೆಗಳ ಸಂದಿಯಲ್ಲಿ ಉಗುರು ಹಾಕಿ ಕೆದಕುವಾಗ ನಿನ್ನ ಭಾನುವಾರಗಳು ನೆನಪಾಗುತ್ತವೆ. ನಿಮ್ಮಪ್ಪ ಬಸ್ ಡಿಪೋದ ಕೆಲಸ ಮುಗಿಸಿ ಬರುವುದು ಕಾದು, ಏಳು ವರ್ಷದವಳು ನನ್ನ ಹಳೇ ಸೀರೆಯ ತುಂಡು ಸೊಂಟಕ್ಕೆ ಸುತ್ತಿಕೊಂಡು ಬಾಂಡ್ಲಿಯ ಪಕ್ಕ ಕೂರುತ್ತಿದ್ದೆ. ಮನೆಯಲ್ಲಿ ಹಲ್ಲುಜ್ಜುವ ಬ್ರಷ್ ತಿಂಗಳಿಗೊಂದು ಮಾಯವಾಗುತ್ತಿತ್ತು. ‘ಚಕ್ರದ ಹಲ್ಲಿನ ಸಂದಿ ನೋಡು ಮಧು, ಸಂದೀಲೇ ಇರೋದು ಕಳ್ಳ’ ಎಂದು ಅವರು, ‘ಹಿಡ್ದೆ ಅಪ್ಪಾ ಕಳ್ಳನ್ನ’ ಎಂದು ನೀನು. ನಾನು ಬಾಗಿಲಲ್ಲಿ ನಿಂತು, ‘ಹೆಣ್ಣುಮಗೂನ ಕೈ ನೋಡ್ರೀ, ಕಾಗೆ ಕಾಲಾಗಿದೆ. ನಾಳೆ ಇವಳನ್ನ ಯಾರ್ ಕಟ್ಕೋತಾರೆ?’ ಎಂದು ಕೂಗುತ್ತಿದ್ದೆ. ‘ಗಾಡಿ ಕೆಟ್ಟೋನು ಕಟ್ಕೋತಾನೆ ಬಿಡೇ’ ಎನ್ನುತ್ತಿದ್ದರು. ಅಪ್ಪ ಮಗಳು ನಕ್ಕಾಗ ನನಗೆ ನಗು ಬರುತ್ತಿರಲಿಲ್ಲ ಮಧು. ಒಂದು ಥರದ ಹೊಟ್ಟೆಯುರಿ. ನಿಮ್ಮಿಬ್ಬರ ಆ ಸಣ್ಣ ಅಂಗಳದಲ್ಲಿ ನನಗೆ ಜಾಗವಿಲ್ಲ ಎಂದು. ಈಗ ಪೂರ್ತಿ ಅಂಗಳ ನನ್ನದೇ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ನಿನಗೆ ಗೊತ್ತಿಲ್ಲದ್ದು ಇದೆ, ಗೊತ್ತಿದ್ದು ನಾನು ಮುಚ್ಚಿಟ್ಟದ್ದೂ ಇದೆ.

ನಿಮ್ಮಪ್ಪ ಯಾವತ್ತೂ ಸಾಮಾನು ತೊಳೆಯುತ್ತಿದ್ದದ್ದು ಸೀಮೆಎಣ್ಣೆಯಲ್ಲಿ. ರೇಷನ್ ಅಂಗಡಿಯಲ್ಲಿ ಅದು ನಿಂತು ಎಷ್ಟೋ ವರ್ಷವಾಯಿತು. ಡಿಪೋದ ಯಾರೋ ಎಲ್ಲಿಂದಲೋ ತಂದುಕೊಟ್ಟ ಐದು ಲೀಟರನ್ನು ಬಿಳಿ ಕ್ಯಾನಿನಲ್ಲಿ ತುಂಬಿಸಿ, ತುಪ್ಪ ಬಳಸುವ ಹಾಗೆ ಬಳಸುತ್ತಿದ್ದರು. ತೊಳೆದ ಎಣ್ಣೆಯನ್ನು ಚೆಲ್ಲದೆ ಒಂದು ಡಬ್ಬಿಗೆ ಬಗ್ಗಿಸಿ, ಎರಡು ದಿನ ಬಿಟ್ಟು, ಮಡ್ಡಿ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮತ್ತೆ ಕ್ಯಾನಿಗೆ ಹಾಕುತ್ತಿದ್ದರು. ಆ ಸಲ ಶಿವರಾತ್ರಿಗೆ ಮನೆ ತೊಳೆಯುವಾಗ ಅಡುಗೆಮನೆ ತುಂಬ ಕೆಂಪಿರುವೆ. ಒರೆಸುವ ನೀರಿಗೆ ಎರಡು ಮುಚ್ಚಳ ಸೀಮೆಎಣ್ಣೆ ಹಾಕಿದರೆ ಇರುವೆ ಹತ್ತಿರ ಸುಳಿಯುವುದಿಲ್ಲ ಎಂದು ನಮ್ಮಮ್ಮ ಮಾಡುತ್ತಿದ್ದದ್ದು. ನಾನೂ ಕ್ಯಾನ್ ಎತ್ತಿದೆ. ಅಡುಗೆಮನೆಗೆ ಹಾಕಿದ ಮೇಲೆ ನಡುಮನೆಗೂ ಇರಲಿ, ಮೆಟ್ಟಿಲಿಗೂ ಇರಲಿ ಎಂದು ಉಳಿದದ್ದನ್ನೆಲ್ಲ ಮುಗಿಸಿದೆ. ಅವರಿಗೆ ಹೇಳಲಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಹತ್ತು ದಿನದ ಮೇಲೆ, ಆ ಶುಕ್ರವಾರ ನಾಲ್ಕು ಗಂಟೆಗೆ, ಸಾಮಾನೆಲ್ಲ ಬಿಚ್ಚಿ ಬಾಂಡ್ಲಿಗೆ ಹಾಕಿಕೊಂಡು ಅವರು ಕ್ಯಾನ್ ಅಲುಗಾಡಿಸಿದರು. ‘ಏನೇ ಇದು, ಇದ್ರಲ್ಲಿ ಒಂದೂವರೆ ಲೀಟರ್ ಇತ್ತಲ್ಲ?’ ಎಂದರು. ನಾನು ಒಳಗಿನಿಂದಲೇ, ‘ನಂಗೇನ್ ಗೊತ್ತು, ನಿಮ್ ಸಾಮಾನು ನೀವೇ ನೋಡ್ಕೋಬೇಕು’ ಎಂದೆ. ಆ ಸುಳ್ಳಿಗೇ ಪೆಟ್ರೋಲು ಬಂದದ್ದು ಮಧು. ನೀನು ಜೋಯಾ ಜೊತೆ ಆರ್.ಟಿ. ನಗರಕ್ಕೆ ಹೊರಟು ನಿಂತಿದ್ದೆ. ಬಂಕಿನಲ್ಲಿ ಬಾಟಲಿಗೆ ಹಾಕುವುದಿಲ್ಲ, ‘ನಿನ್ ಸ್ಕೂಟರಿಂದ ಒಂದರ್ಧ ಲೀಟರ್ ಎಳ್ಕೊಡು ಮಗಳೇ, ಬಿಚ್ಚಿ ಹಾಕ್ಬಿಟ್ಟಿದೀನಿ’ ಎಂದು ಕೇಳಿದವರು ಅವರೇ. ನಿನಗೆ ಇಷ್ಟವಿರಲಿಲ್ಲ. ‘ನಾಳೆ ಖಾದರ್ ಮಾಮನ ಹತ್ರ ಡೀಸೆಲ್ ತರ್ತೀನಿ, ಇವತ್ತು ಬಿಡಪ್ಪ’ ಎಂದೆ. ಅವರು ಕೇಳಲಿಲ್ಲ. ಪೈಪು ಹಾಕಿ ಎಳೆದು ಕೊಟ್ಟೆ. ಕೊಟ್ಟು, ಬಾಗಿಲ ಹತ್ತಿರ ಬಂದು, ಅವರಿಗೂ ನನಗೂ ಇಬ್ಬರಿಗೂ ಕೇಳುವ ಹಾಗೆ, ‘ಅಪ್ಪಾ, ಬೆಳಕಿರೋವಾಗ್ಲೇ ಮುಗಿಸ್ಬಿಡು. ಅಮ್ಮಾ, ಈ ಕಡೆ ಬೆಂಕಿ ಗಿಂಕಿ ತರ್ಬೇಡ, ಇದು ಸೀಮೆಎಣ್ಣೆ ಅಲ್ಲ, ಗಾಳೀಲೇ ಹತ್ಕೊಳುತ್ತೆ’ ಎಂದೆ. ಅಷ್ಟೂ ನನ್ನ ಕಿವಿಗೆ ಬಿತ್ತು. ‘ಆಯ್ತು ಹೋಗೇ, ದೊಡ್ಡ ಮೇಷ್ಟ್ರು’ ಎಂದೂ ಅಂದೆ.

ಬೆಂಕಿ ಎಲ್ಲಿಂದ ಬಂತು ಎಂದು ಆಮೇಲೆ ತಲೆಗೊಂದು ಮಾತು ಬಂತು. ಮೇಲಿನ ಬಾಡಿಗೆಯವರು ಬೀಡಿ ಎಸೆದಿರಬೇಕು ಎಂದರು ಒಬ್ಬರು, ಸಂಪಿನ ಮೋಟಾರಿನ ಸ್ವಿಚ್ಚು ಕಿಡಿ ಹಾರಿಸಿರಬೇಕು ಎಂದರು ಇನ್ನೊಬ್ಬರು. ಆಸ್ಪತ್ರೆಯ ಹೊರಗೆ ಕೃಷ್ಣಮ್ಮತ್ತೆ ‘ಮನೇಗೆ ಪೆಟ್ರೋಲ್ ಯಾರು ತಂದದ್ದು?’ ಎಂದು ನನ್ನನ್ನು ಕೇಳಿದರು. ‘ಮಧು ಕೊಟ್ಟಳು’ ಎಂದೆ. ಸುಳ್ಳಲ್ಲ. ಆದರೆ ನೀನು ಬೇಡ ಎಂದದ್ದು, ಎಚ್ಚರಿಕೆ ಹೇಳಿ ಹೋದದ್ದು, ಕ್ಯಾನ್ ಖಾಲಿ ಮಾಡಿದವಳು ನಾನು, ಇದ್ಯಾವುದನ್ನೂ ಹೇಳಲಿಲ್ಲ. ಅಲ್ಲಿಂದ ಮುಂದೆ ಬೆಂಕಿಯ ಮಾತು ನಿಂತು ಪೆಟ್ರೋಲಿನ ಮಾತೇ ಉಳಿಯಿತು.

ಐದನೇ ದಿನ ಅವರು ಹೋದರು. ಒಮ್ಮೆ ಸುಟ್ಟ ಮೈಯನ್ನು ಮತ್ತೆ ಸುಡುವುದು ಬೇಡ ಎಂದು ಮಣ್ಣು ಮಾಡಿದೆವು. ಮಡಕೆ ಹೊರಲು ನೀನು ಮುಂದೆ ಬಂದೆ. ಗಂಡುಮಕ್ಕಳಿಲ್ಲದ ಮನೆ, ‘ನನ್ ಮಡಕೆ ಮಧೂನೇ ಹೊರ್ಲಿ, ಅವಳೇ ನಂಗೆ ಹುಡ್ಗ’ ಎಂದು ಅವರು ಬದುಕಿದ್ದಾಗ ಹಬ್ಬದ ಊಟಕ್ಕೆ ಕೂತು ಎಲ್ಲರ ಎದುರು ಎಷ್ಟು ಸಲ ಹೇಳಿದ್ದರು. ಕೃಷ್ಣಮ್ಮತ್ತೆ ನಿನ್ನ ಹೆಗಲಿನ ಮೇಲಿಂದ ಮಡಕೆ ಕಿತ್ತು, ‘ಅಪ್ಪನ್ನ ಸುಟ್ಟೋಳ ಕೈಯಿಂದ ನೀರು ಬೇಕಾ ಅವನಿಗೆ?’ ಎಂದು ನಿನ್ನ ಚಿಕ್ಕಪ್ಪನ ಮಗ ಸತೀಶನ ಹೆಗಲಿಗೆ ಇಟ್ಟರು. ನೀನು ಆಗ ಅವರ ಮುಖ ನೋಡಲಿಲ್ಲ. ನನ್ನ ಮುಖ ನೋಡಿದೆ. ನಾನು ಏನಾದರೂ ಅನ್ನುತ್ತೇನೆ ಎಂದು ಕಾದೆ. ನಾನು ಸೆರಗು ಬಾಯಿಗೆ ತುರುಕಿಕೊಂಡು ನೆಲ ನೋಡಿದೆ. ದುಃಖ ಎಂದು ಎಲ್ಲರೂ ತಿಳಿದರು. ದುಃಖವೂ ಇತ್ತು. ಅದಕ್ಕಿಂತ ಹೆಚ್ಚಿಗೆ ಹೆದರಿಕೆ ಇತ್ತು. ಸತೀಶ ಸುತ್ತು ಬರುವಾಗ ನೀನು ಗೋರಿಗಳ ಆಚೆ ಹುಣಸೆಮರದ ಕೆಳಗೆ ಹೋಗಿ ಒಬ್ಬಳೇ ನಿಂತಿದ್ದೆ. ಜೋಯಾಳ ಅಮ್ಮ ಜೈನಾಬ್ ಬಂದು ನಿನ್ನ ಬೆನ್ನ ಮೇಲೆ ಕೈಯಿಟ್ಟಳು. ಇಡಬೇಕಾಗಿದ್ದ ಕೈ ನನ್ನದು.

ಹನ್ನೊಂದನೇ ದಿನ ಮತ್ತೆ ಅದೇ ಮಾತು ಪಂಕ್ತಿಯಲ್ಲಿ ಎದ್ದಿತು. ನೀನು ಎಲೆಯ ಮುಂದಿಂದ ಎದ್ದು ಹೋದೆ. ಮುಂದಿನ ತಿಂಗಳು ಜೋಯಾ ಸೇರಿದ್ದ ಫ್ಯಾಕ್ಟರಿಗೇ ಸೇರಿಕೊಂಡು ಹೊಸೂರಿಗೆ ಹೊರಟೆ. ಹೊರಡುವಾಗ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆಯಲ್ಲ, ಅದೊಂದನ್ನು ಮಾಡಬಾರದಿತ್ತು ನೀನು. ಬೈದು ಹೋಗಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಗಾಡಿಯ ಸಾಮಾನಿನಲ್ಲಿ ಇನ್ನು ಗೇರಿನ ಚಕ್ರಗಳು, ಪಿಸ್ಟನ್ನು ಉಳಿದಿವೆ. ಪಿಸ್ಟನ್ ತಲೆಯ ಮೇಲಿನ ಕರಿ ಬಿಡುತ್ತಿಲ್ಲ. ಚಾಕು ಹಾಕಬೇಡಿ, ಗೀರು ಬಿದ್ದರೆ ಕೆಲಸಕ್ಕೆ ಬಾರದು ಎಂದು ಖಾದರ್ ಬಾಷಾ ಹೇಳಿದ್ದಾರೆ. ನೆನೆಸಿಟ್ಟಿದ್ದೇನೆ. ಎಲ್ಲ ಆದ ಮೇಲೆ ಎಣ್ಣೆ ಸವರಿ ಬಟ್ಟೆಯಲ್ಲಿ ಕಟ್ಟಿಡುತ್ತೇನೆ. ಗಾಡಿ ನಿನ್ನದು, ಜೋಡಿಸುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಈ ಸೋಪಿನ ನೀರಿನಲ್ಲಿ ಕೂತು ಕೂತು ನನ್ನ ಬೆರಳ ತುದಿಗಳೂ ಈಗ ಕಪ್ಪಾಗಿವೆ. ಬಸ್ಸಿನಲ್ಲಿ ಪಕ್ಕದವರು ನೋಡುತ್ತಾರೆ. ನಾನು ಮುಚ್ಚಿಕೊಳ್ಳುವುದಿಲ್ಲ.

ನೀನು ಹುಷಾರಾಗಿರು. ಮೆಷಿನ್ ಹತ್ತಿರ ಜಡೆ ಎತ್ತಿ ಕಟ್ಟಿಕೋ, ವೇಲ್ ಹಾಕಿಕೊಂಡು ನಿಲ್ಲಬೇಡ. ಊಟ ಬಿಡಬೇಡ. ನಮ್ಮ ಮನೆದೇವರು ನನ್ನ ಮಾತು ಈಗ ಕೇಳುತ್ತಾನೋ ಇಲ್ಲವೋ, ಆದರೂ ದಿನಾ ನಿನ್ನ ಹೆಸರು ಹೇಳಿಯೇ ಮಲಗುತ್ತೇನೆ. ನಿನ್ನ ಕೈ ಮುಟ್ಟಿದ್ದು ಕೆಡದಿರಲಿ. ಜೋಯಾಗೂ ಒಂದು ಡಬ್ಬಿ ಹುರಿಹಿಟ್ಟು ಬೇರೆ ಇಟ್ಟಿದ್ದೇನೆ, ನಿನ್ನದರಲ್ಲಿ ಅವಳು ಪಾಲು ಕೇಳಿದರೆ ಕೊಡಬೇಡ.

ನಿನ್ನ ಅಮ್ಮ,
ಬಿ. ರಾಧಾಮಣಿ
ಮುನಿವೆಂಕಟಯ್ಯನವರ ಹೆಂಡತಿ, ಕೆಂಪಾಪುರ

ತಾ.ಕ. ಜೋಯಾ ಬಂದು ಗೇಟಿನ ಹತ್ತಿರ ನಿಂತಿದ್ದಾಳೆ, ಐದು ನಿಮಿಷ ಎಂದು ಹೇಳಿದ್ದೇನೆ. ಇದು ಮರೆತ ಮಾತಲ್ಲ. ಬೆಳಿಗ್ಗೆಯಿಂದ ಇದನ್ನೊಂದು ಬಿಟ್ಟು ಉಳಿದದ್ದೆಲ್ಲ ಬರೆದೆ.

ಬೆಂಕಿ ಹಚ್ಚಿದ್ದು ನಾನು ಮಧು. ಬೀಡಿಯಲ್ಲ, ಮೋಟಾರಲ್ಲ. ಶುಕ್ರವಾರ, ಹೊತ್ತು ಮುಳುಗಿತ್ತು, ತುಳಸಿಗೆ ದೀಪ ಇಡಲು ಬಂದೆ. ತುಳಸಿ ಕಟ್ಟೆಗೂ ಅವರ ಬಾಂಡ್ಲಿಗೂ ನಾಲ್ಕು ಹೆಜ್ಜೆ. ‘ಒಂಚೂರು ತಡಿಯೇ ರಾಧಾ, ಇದೊಂದು ಮುಗೀಲಿ, ಇಲ್ಲಾಂದ್ರೆ ಇವತ್ತು ಒಳಗೇ ಹಚ್ಬಿಡು’ ಎಂದರು. ‘ನಿಮ್ ಗಾಡಿಗೆ ಹೊತ್ತು ಗೊತ್ತು ಇಲ್ಲ, ದೇವ್ರಿಗೆ ಇದೆ’ ಎಂದು ಕಡ್ಡಿ ಗೀರಿದೆ. ನಿನ್ನ ಮಾತು ನೆನಪಿತ್ತು. ನಾಲ್ಕು ಹೆಜ್ಜೆ ದೂರ ಇದೆಯಲ್ಲ, ದೀಪದಿಂದ ಕೆಡುಕಾಗುತ್ತದೆಯೇ ಎಂದುಕೊಂಡೆ. ಬತ್ತಿಗೆ ತಾಗಿಸಿ ಕೈ ಮುಗಿಯುವಷ್ಟರಲ್ಲಿ ಹಿಂದೆ ಯಾರೋ ದೊಡ್ಡದಾಗಿ ಉಸಿರು ಎಳೆದ ಹಾಗೆ ಸದ್ದು. ಅವರನ್ನು ಆಂಬ್ಯುಲೆನ್ಸಿಗೆ ಹತ್ತಿಸಿದ ಮೇಲೆ, ಚೀಲ ತರುತ್ತೇನೆ ಎಂದು ಮನೆಗೆ ಬಂದು, ಮೊದಲು ಮಾಡಿದ ಕೆಲಸ ಏನು ಗೊತ್ತೆ? ಆ ಹಣತೆ ತೆಗೆದು, ಸೀಗೆಪುಡಿ ಹಾಕಿ ಉಜ್ಜಿ ತೊಳೆದು, ಅಟ್ಟದ ಮೇಲೆ ಇಟ್ಟದ್ದು.

ನಿಮ್ಮಪ್ಪನಿಗೆ ಗೊತ್ತಿತ್ತು. ಪೊಲೀಸರು ಹಾಸಿಗೆಯ ಹತ್ತಿರ ಬಂದು ಕೇಳಿದಾಗ, ನನ್ನ ಮುಖ ನೋಡಿಕೊಂಡೇ, ‘ಗೊತ್ತಾಗ್ಲಿಲ್ಲ ಸ್ವಾಮಿ, ಏನೋ ಕಿಡಿ’ ಎಂದರು. ಅವರು ನನ್ನನ್ನು ಉಳಿಸಿದರು. ಉಳಿದುಕೊಂಡವಳು ಅದನ್ನು ನಿನ್ನ ಮೇಲೆ ಹೊರಿಸುತ್ತಾಳೆ ಎಂದು ಅವರಿಗೆ ಗೊತ್ತಿರಲಿಲ್ಲ.

ಗುರುವಾರ ಕೃಷ್ಣಮ್ಮತ್ತೆ ಕಾರ್ಯದ ಪಟ್ಟಿ ತಂದಾಗ ಅವರಿಗೆ ಇದೆಲ್ಲ ಹೇಳಿದೆ. ಪಟ್ಟಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ನನ್ನ ಕೈ ಹಿಡಿದು, ‘ಆಗಿದ್ದಾಯ್ತು. ಯಾರ್ಗೂ ಏಳ್ಬೇಡ ಕಣೇ. ಅವಳೆಂಗೂ ದೂರ ಅವ್ಳೆ, ಅವಳ ಮೇಲೇ ಇದ್ಬುಡ್ಲಿ. ನೀನು ಇಲ್ಲೇ ಬಾಳ್ಬೇಕು’ ಎಂದರು. ಪ್ರೀತಿಯಿಂದಲೇ ಅಂದರು. ನನ್ನ ಬಾಯಿಂದ ಬಾರದ ಮಾತು ಅವರ ಬಾಯಲ್ಲಿ ಕೇಳಿದ ಮೇಲೆ, ಈ ಹತ್ತು ತಿಂಗಳು ನಾನು ಮಾಡುತ್ತಿದ್ದದ್ದೇ ಅದು ಎಂದು ಗೊತ್ತಾಯಿತು.

ಮಾರ್ಚ್ ಒಂದರಂದು, ಎಡೆ ಇಡುವ ಮುಂಚೆ, ಎಲ್ಲರೂ ಕೂತಿರುವಾಗ ಹೇಳುತ್ತೇನೆ. ನೀನು ಬಂದರೆ ಎಡೆ ನಿನ್ನ ಕೈಯಿಂದ. ನೀನು ಬರದಿದ್ದರೂ ಹೇಳುತ್ತೇನೆ. ಆ ದಿನ ನನ್ನ ಕಾಲು ಹಿಂದೆಗೆದರೆ ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಅದಕ್ಕೇ ಮೇಲೆ ಅಮ್ಮ ಎಂದಷ್ಟೇ ಬರೆಯದೆ ಪೂರ್ತಿ ಹೆಸರು ಹಾಕಿದ್ದೇನೆ.